ಕೊರಿಯಾ ಯುದ್ಧದ ಚರ್ಚೆಯಲ್ಲಿ ಬೆನಗಲ್ ನರಸಿಂಗ ರಾವ್

1950ರ ಜೂನ್ 25, ಭಾನುವಾರ. ನ್ಯೂಯಾರ್ಕ್ ನಗರದ ಹೊರವಲಯದ ಲೇಕ್ ಸಕ್ಸೆಸ್ ಎಂಬಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮಧ್ಯಾಹ್ನ ತುರ್ತುಸಭೆ ಸೇರಿತು. ವಿಶ್ವಸಂಸ್ಥೆಗೆ ಆಗಿನ್ನೂ ಸ್ವಂತ ಕಟ್ಟಡವಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುದ್ಧೋಪಕರಣಗಳನ್ನು ತಯಾರಿಸುತ್ತಿದ್ದ ಒಂದು ಕಾರ್ಖಾನೆಯ ಆವರಣವೇ ಶಾಂತಿಸಂಸ್ಥೆಯ ತಾತ್ಕಾಲಿಕ ನೆಲೆಯಾಗಿತ್ತು. ಸಭೆಗೆ ಕಾರಣ, ಸುಮಾರು ಇಪ್ಪತ್ತನಾಲ್ಕು ಗಂಟೆಗಳ ಹಿಂದೆ ಉತ್ತರ ಕೊರಿಯಾದ ಸೇನೆ 38ನೆಯ ಅಕ್ಷಾಂಶವನ್ನು ದಾಟಿ ದಕ್ಷಿಣ ಕೊರಿಯಾದೊಳಕ್ಕೆ ನುಗ್ಗಿದ್ದು. ಮಂಡಳಿಯ ಅಧ್ಯಕ್ಷಸ್ಥಾನ ತಿಂಗಳಿಗೊಂದು ರಾಷ್ಟ್ರದಂತೆ ಸರದಿಯಲ್ಲಿ ಬದಲಾಗುತ್ತದೆ. ಜೂನ್ ತಿಂಗಳ ಸರದಿ ಭಾರತದ್ದು. ಹೀಗಾಗಿ ವಿಶ್ವಸಂಸ್ಥೆಯ ಹೆಸರಿನಲ್ಲಿ ನಡೆದ ಮೊದಲ ಮಹಾಯುದ್ಧಕ್ಕೆ ಕಾರಣವಾದ ನಿರ್ಣಯಗಳು ಚರ್ಚೆಗೆ ಬಂದಾಗ ಅಧ್ಯಕ್ಷಪೀಠದಲ್ಲಿದ್ದವರು ಮಂಗಳೂರಿನ ಬೆನಗಲ್ ನರಸಿಂಗ ರಾವ್.

1887ರಲ್ಲಿ ಮಂಗಳೂರಿನ ವೈದ್ಯರೊಬ್ಬರ ಮಗನಾಗಿ ಹುಟ್ಟಿದ ರಾವ್ ಅವರನ್ನು ಕನ್ನಡನಾಡು ನೆನೆಯುವುದು ಸಂವಿಧಾನ ಸಭೆಯ ಸಲಹೆಗಾರರೆಂದು. ಅಂಬೇಡ್ಕರ್ ಅವರ ಕರಡು ಸಮಿತಿಯ ಕೈಗೆ ಬಂದ ಮೊದಲ ಕರಡನ್ನು ಸಿದ್ಧಪಡಿಸಿದವರೆಂದು. ಅದಾದ ಮೇಲಿನ ಅವರ ಬದುಕು, ಅಂದರೆ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದ ವರ್ಷಗಳು, ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಪದಗಳನ್ನು ತೂಗಿ ಬಳಸುವ ನ್ಯಾಯಶಾಸ್ತ್ರಜ್ಞನೊಬ್ಬ ಯುದ್ಧದ ತೀರ್ಮಾನದ ಎದುರು ಕುಳಿತಾಗ ಏನಾಯಿತು ಎಂಬುದಕ್ಕೆ ಕೊರಿಯಾ ಪ್ರಕರಣದಷ್ಟು ಸ್ಪಷ್ಟವಾದ ದಾಖಲೆ ಬೇರೆ ಸಿಗದು.

ಆ ಗೆರೆಯ ಹುಟ್ಟನ್ನು ಮೊದಲು ಗಮನಿಸಬೇಕು. 1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಗುವ ಹೊತ್ತಿಗೆ, ಕೊರಿಯಾದಲ್ಲಿದ್ದ ಜಪಾನಿ ಸೈನಿಕರ ಶರಣಾಗತಿಯನ್ನು ಸೋವಿಯತ್ ಮತ್ತು ಅಮೆರಿಕನ್ ಸೇನೆಗಳು ಎಲ್ಲೆಲ್ಲಿ ಸ್ವೀಕರಿಸಬೇಕೆಂದು ಗೊತ್ತುಮಾಡಲು ವಾಷಿಂಗ್ಟನ್ನಿನ ಇಬ್ಬರು ಅಧಿಕಾರಿಗಳು ಒಂದು ರಾತ್ರಿ ಭೂಪಟದ ಮೇಲೆ ಎಳೆದ ಗೆರೆ ಅದು. ನದಿಯಾಗಲಿ, ಪರ್ವತಸಾಲಾಗಲಿ, ಹಳೆಯ ರಾಜ್ಯದ ಎಲ್ಲೆಯಾಗಲಿ ಅಲ್ಲಿರಲಿಲ್ಲ. ಮೂರು ವರ್ಷಗಳಲ್ಲಿ ಅದರ ಎರಡು ಬದಿಗಳಲ್ಲಿ ಎರಡು ಸರ್ಕಾರಗಳು ನೆಲೆಗೊಂಡವು. ಎರಡೂ ತಾವೇ ಇಡೀ ಕೊರಿಯಾದ ಸರ್ಕಾರವೆಂದು ಹೇಳಿಕೊಂಡವು. ಆದ್ದರಿಂದ ಜೂನ್ 25ರ ಘಟನೆ ನೆರೆಯ ದೇಶದ ಮೇಲಿನ ಆಕ್ರಮಣವೋ, ಒಂದೇ ಜನಾಂಗದ ಅಂತರ್ಯುದ್ಧವೋ ಎಂಬ ಪ್ರಶ್ನೆ ಮೊದಲ ದಿನದಿಂದಲೇ ಇತ್ತು. ಅಂತರ್ಯುದ್ಧವೆಂಬುದು ಸೋವಿಯತ್ ಒಕ್ಕೂಟದ ವಾದ. ಭಾರತ ಆಗ ಎರಡು ಕೊರಿಯಾಗಳ ಪೈಕಿ ಯಾವುದಕ್ಕೂ ರಾಜತಾಂತ್ರಿಕ ಮನ್ನಣೆ ಕೊಟ್ಟಿರಲಿಲ್ಲ.

ಹಾಗಿದ್ದೂ ರಾವ್ ಮೊದಲ ನಿರ್ಣಯದ ಪರ ಮತ ಹಾಕಿದರು. ಇದಕ್ಕೆ ಆಧಾರವಿತ್ತು. ಕೊರಿಯಾದಲ್ಲಿ ವಿಶ್ವಸಂಸ್ಥೆಯದೇ ಒಂದು ಆಯೋಗವಿತ್ತು. ಅದರಲ್ಲಿ ಭಾರತವೂ ಸದಸ್ಯ. ಆ ಆಯೋಗದ ಪರವಾಗಿ ಆಸ್ಟ್ರೇಲಿಯದ ಇಬ್ಬರು ಸೇನಾಧಿಕಾರಿಗಳು ಗಡಿಯುದ್ದಕ್ಕೂ ಸಂಚರಿಸಿ, ದಕ್ಷಿಣದ ಸೇನೆ ಕೇವಲ ರಕ್ಷಣೆಗೆ ತಕ್ಕಂತೆ ನಿಂತಿದೆ, ದೊಡ್ಡ ದಾಳಿ ನಡೆಸುವ ಸ್ಥಿತಿಯಲ್ಲಿಲ್ಲ ಎಂದು ವರದಿ ಸಿದ್ಧಪಡಿಸಿದ್ದು ದಾಳಿಯ ಹಿಂದಿನ ದಿನ. ನಿರ್ಣಯದ ಭಾಷೆಯೂ ಸಂಯತವಾಗಿತ್ತು. ಅಮೆರಿಕದ ಮೂಲ ಕರಡಿನಲ್ಲಿದ್ದ ಆಕ್ರಮಣ ಎಂಬ ಅರ್ಥದ ಪದ ಸದಸ್ಯರ ಆಕ್ಷೇಪದ ನಂತರ ಹೋಗಿ, ‘ಶಾಂತಿಭಂಗ’ ಎಂಬ ಅರ್ಥದ ಪದ ಬಂದಿತು. ಕದನ ನಿಲ್ಲಲಿ, ಉತ್ತರದ ಸೇನೆ 38ನೆಯ ಅಕ್ಷಾಂಶದ ಆಚೆಗೆ ಹಿಂದಿರುಗಲಿ ಎಂಬಷ್ಟೇ ಕೇಳಿಕೆ. ಒಂಬತ್ತು ಮತಗಳ ಬೆಂಬಲ, ವಿರೋಧ ಇಲ್ಲ, ಯುಗೊಸ್ಲಾವಿಯ ಮಾತ್ರ ತಟಸ್ಥ. ಚೀನಾದ ಪೀಠದಲ್ಲಿ ಪೀಕಿಂಗ್ ಸರ್ಕಾರದ ಬದಲು ಫಾರ್ಮೋಸಾದ ಪ್ರತಿನಿಧಿ ಕುಳಿತಿರುವುದನ್ನು ಪ್ರತಿಭಟಿಸಿ ಸೋವಿಯತ್ ಪ್ರತಿನಿಧಿ ಜನವರಿಯಿಂದ ಮಂಡಳಿಗೆ ಬರುತ್ತಿರಲಿಲ್ಲ. ಬಂದಿದ್ದರೆ ನಿರಾಕರಣಾಧಿಕಾರದ ಒಂದೇ ಮತಕ್ಕೆ ಎಲ್ಲವೂ ನಿಲ್ಲುತ್ತಿತ್ತು.

ಅದೇ ದಿನದ ಇನ್ನೊಂದು ಮತದಾನವನ್ನು ಇತಿಹಾಸಕಾರರು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ದಕ್ಷಿಣ ಕೊರಿಯಾದ ಪ್ರತಿನಿಧಿಯ ಮಾತನ್ನು ಮಂಡಳಿ ಕೇಳಿತ್ತು. ಉತ್ತರದವರನ್ನೂ ಕರೆಸಿ ಕೇಳಬೇಕೆಂಬ ಯುಗೊಸ್ಲಾವಿಯದ ಸೂಚನೆಗೆ ಅದರದೊಂದೇ ಮತ ಬಿತ್ತು. ಭಾರತ, ಈಜಿಪ್ಟ್, ನಾರ್ವೆ ತಟಸ್ಥವಾಗಿ ಉಳಿದವು. ಕಲ್ಕತ್ತದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರಿಗೆ ಎರಡೂ ಪಕ್ಷಗಳ ಅಹವಾಲನ್ನು ಕೇಳಬೇಕೆಂಬ ನಿಯಮವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ರಾವ್ ಅವರ ನಡೆಯಲ್ಲಿ ಆಕ್ಷೇಪಾರ್ಹವಾದ ಅಂಶವನ್ನು ಹುಡುಕುವುದಾದರೆ ಅದು ಇಲ್ಲಿದೆಯೇ ಹೊರತು, ಟೀಕಾಕಾರರು ಬೆರಳು ತೋರಿಸುವ ಮುಂದಿನ ಮತದಾನಗಳಲ್ಲಿ ಅಲ್ಲ.

ಜೂನ್ 27ರಂದು ಮಂಡಳಿ ಮತ್ತೆ ಸೇರುವ ಮೊದಲೇ ಅಮೆರಿಕದ ಅಧ್ಯಕ್ಷ ಟ್ರೂಮನ್ ತಮ್ಮ ವಾಯುಪಡೆ ಮತ್ತು ನೌಕಾಪಡೆಗಳನ್ನು ದಕ್ಷಿಣದ ನೆರವಿಗೆ ಕಳುಹಿಸಿರುವುದಾಗಿ ಘೋಷಿಸಿದ್ದರು. ಅದೇ ಹೇಳಿಕೆಯಲ್ಲಿ ಫಾರ್ಮೋಸಾದ ಜಲಸಂಧಿಗೆ ಏಳನೆಯ ನೌಕಾದಳವನ್ನು ಕಳುಹಿಸುವ ಮಾತೂ, ಇಂಡೋಚೀನಾದಲ್ಲಿ ಫ್ರಾನ್ಸಿಗೆ ನೆರವು ಹೆಚ್ಚಿಸುವ ಮಾತೂ ಇದ್ದವು. ದೆಹಲಿಗೆ ಕಸಿವಿಸಿಯಾದದ್ದು ಇದರಿಂದ. ಕೊರಿಯಾದ ಮೇಲಿನ ದಾಳಿಯನ್ನು ಖಂಡಿಸುವುದು ಒಂದು. ಅದರ ಜೊತೆಗೆ ಏಷ್ಯಾದ ಇನ್ನೆರಡು ವಿವಾದಗಳಲ್ಲಿ ಒಂದು ಪಕ್ಷದ ಬೆನ್ನಿಗೆ ನಿಲ್ಲುವುದು ಇನ್ನೊಂದು.

ಮಂಡಳಿಯ ಮುಂದಿದ್ದ ಹೊಸ ಕರಡು, ದಕ್ಷಿಣ ಕೊರಿಯಾಕ್ಕೆ ಅಗತ್ಯವಾದ ನೆರವು ನೀಡುವಂತೆ ಸದಸ್ಯರಾಷ್ಟ್ರಗಳಿಗೆ ಶಿಫಾರಸು ಮಾಡುತ್ತಿತ್ತು. ಆಜ್ಞೆಯಲ್ಲ, ಶಿಫಾರಸು, ಏಕೆಂದರೆ ಮಂಡಳಿಯ ಕೈಯಲ್ಲಿ ಸ್ವಂತ ಸೇನೆಯನ್ನಿಡಲು ಸನ್ನದಿನ 43ನೆಯ ವಿಧಿ ಬಯಸಿದ್ದ ಒಪ್ಪಂದಗಳು ಆಗಿರಲೇ ಇಲ್ಲ. ನೆರವಿನ ಉದ್ದೇಶವನ್ನು ಕರಡು ಎರಡು ಮಾತುಗಳಲ್ಲಿ ಹೇಳಿತ್ತು: ಸಶಸ್ತ್ರ ದಾಳಿಯನ್ನು ಹಿಮ್ಮೆಟ್ಟಿಸುವುದು, ಮತ್ತು ಆ ಪ್ರದೇಶದಲ್ಲಿ ಅಂತರರಾಷ್ಟ್ರೀಯ ಶಾಂತಿ ಹಾಗೂ ಭದ್ರತೆಯನ್ನು ಮರಳಿ ನೆಲೆಗೊಳಿಸುವುದು. ಸಾಹಿತ್ಯದ ವಿದ್ಯಾರ್ಥಿಗೆ ಈ ವಾಕ್ಯದ ‘ಮತ್ತು’ ಕಣ್ಣಿಗೆ ಬೀಳದೆ ಇರದು. ಮೊದಲ ಉದ್ದೇಶಕ್ಕೆ ಎಲ್ಲೆಯಿದೆ. ಬಂದವನು ಬಂದಲ್ಲಿಗೆ ಹಿಂದಿರುಗಿದರೆ ಅದು ಮುಗಿಯಿತು. ಎರಡನೆಯದಕ್ಕೆ ಎಲ್ಲೆಯಿಲ್ಲ. ಶಾಂತಿ ನೆಲೆಗೊಂಡಿತೆಂದು ಹೇಳುವವರು ಯಾರು, ಎಲ್ಲಿ ನಿಂತು ಹೇಳಬೇಕು ಎಂಬುದನ್ನು ವಾಕ್ಯ ಬಿಟ್ಟುಬಿಟ್ಟಿದೆ. ಮುಂದಿನ ಮೂರು ವರ್ಷಗಳ ರಕ್ತಪಾತದ ಬಹುಭಾಗ ಈ ಸಂಯೋಜಕ ಪದದ ಬಲಬದಿಯಲ್ಲಿ ನಡೆಯಿತೆಂದರೆ ಅತಿಶಯೋಕ್ತಿಯಾಗದು.

ರಾವ್ ಅವರಿಗೂ ಈಜಿಪ್ಟಿನ ಪ್ರತಿನಿಧಿಗೂ ತಮ್ಮ ಸರ್ಕಾರಗಳ ಸೂಚನೆ ತಲುಪಿರಲಿಲ್ಲ. ಸಂಜೆ ಐದರ ಸುಮಾರಿಗೆ ಸಭೆ ನಿಂತಿತು. ರಾತ್ರಿ ಹತ್ತು ಮೀರಿದರೂ ಸೂಚನೆ ಬರಲಿಲ್ಲ. ಕೊನೆಗೆ ಏಳು ಮತಗಳಿಂದ ನಿರ್ಣಯ ಸ್ವೀಕೃತವಾಯಿತು. ಯುಗೊಸ್ಲಾವಿಯ ವಿರೋಧಿಸಿತು, ಭಾರತ, ಈಜಿಪ್ಟ್‌ಗಳು ಮತದಾನದಲ್ಲಿ ಭಾಗವಹಿಸಲೇ ಇಲ್ಲ. ನೆಹರೂ ಸಂಪುಟ ಜೂನ್ 29ರಂದು ನಿರ್ಣಯವನ್ನು ಒಪ್ಪಿಕೊಂಡಿತಾದರೂ, ಒಪ್ಪಿಗೆಯಿಂದ ತನ್ನ ವಿದೇಶಾಂಗ ನೀತಿ ಬದಲಾಗದೆಂದೂ ಸ್ವತಂತ್ರ ನಿಲುವು ಮುಂದುವರಿಯುವುದೆಂದೂ ಸೇರಿಸಿತು. ಜುಲೈ 7ರಂದು ಅಮೆರಿಕದ ನೇತೃತ್ವದ ಏಕೀಕೃತ ಸೇನಾಧಿಪತ್ಯವನ್ನು ರಚಿಸುವ ನಿರ್ಣಯ ಬಂದಾಗ ಭಾರತ ತಟಸ್ಥವಾಯಿತು. ಹದಿನೈದು ದಿನಗಳೊಳಗೆ ಒಂದು ಪರ, ಒಂದು ಗೈರು, ಒಂದು ತಡವಾದ ಒಪ್ಪಿಗೆ, ಒಂದು ತಾಟಸ್ಥ್ಯ! ಚಂಚಲತೆಯೆಂದು ಅನೇಕರು ಆಗಲೇ ಹೇಳಿದರು. ಆದರೆ ಈ ನಾಲ್ಕನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಕ್ರಮ ಕಾಣುತ್ತದೆ. ದಾಳಿ ತಪ್ಪೆಂಬುದಕ್ಕೆ ಭಾರತ ಒಪ್ಪಿತು. ದಾಳಿಯನ್ನು ಹಿಮ್ಮೆಟ್ಟಿಸುವುದಕ್ಕೂ ಒಪ್ಪಿತು. ಯುದ್ಧದ ಲಗಾಮನ್ನು ಒಂದೇ ರಾಷ್ಟ್ರದ ಕೈಗೆ ಒಪ್ಪಿಸುವುದಕ್ಕೆ ಮಾತ್ರ ಒಪ್ಪಲಿಲ್ಲ.

ಈ ನಿಲುವಿನ ದೌರ್ಬಲ್ಯವನ್ನು ಮುಚ್ಚಿಡಬೇಕಾಗಿಲ್ಲ. ಹದಿನಾರು ರಾಷ್ಟ್ರಗಳು ಹೋರಾಡುವ ಪಡೆಗಳನ್ನು ಕಳುಹಿಸಿದವು. ಭಾರತ ಕಳುಹಿಸಿದ್ದು ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ನೇತೃತ್ವದ 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ದಳವನ್ನು. ಆ ದಳದ ಸಾಹಸ ನಿರ್ವಿವಾದ. 1951ರ ಮಾರ್ಚ್‌ನಲ್ಲಿ ಅದರ ಒಂದು ತಂಡ ಅಮೆರಿಕನ್ ಸೈನಿಕರೊಂದಿಗೆ ಮುನ್ಸಾನ್‌ನಲ್ಲಿ ಪ್ಯಾರಾಚೂಟಿನಿಂದ ಇಳಿದು ಗಾಯಾಳುಗಳ ಶುಶ್ರೂಷೆ ಮಾಡಿತು. ಆದರೂ ರಣರಂಗಕ್ಕೆ ಸೈನಿಕರನ್ನು ಕಳುಹಿಸದವರು ರಣದ ಮೇರೆಯನ್ನು ನಿಗದಿಮಾಡಲು ಹೊರಟರೆ ಕಳುಹಿಸಿದವರು ಕೇಳುವುದು ಕಷ್ಟ. ಆಗಸ್ಟ್ ತಿಂಗಳಲ್ಲಿ, ಶಾಂತಿಯ ಪ್ರಸ್ತಾವಗಳನ್ನು ಪರಿಶೀಲಿಸಲು ಮಂಡಳಿಯ ಕಾಯಂ ಅಲ್ಲದ ಸದಸ್ಯರ ಒಂದು ಸಮಿತಿಯಾಗಲಿ ಎಂದು ರಾವ್ ಸೂಚಿಸಿದಾಗ ಅದು ನಿರ್ಣಯದ ರೂಪಕ್ಕೂ ಬರಲಿಲ್ಲ.

ಮೇರೆಯ ಪ್ರಶ್ನೆ ಸೆಪ್ಟೆಂಬರಿನಲ್ಲಿ ನೇರವಾಗಿ ಎದುರಾಯಿತು. 15ರಂದು ಜನರಲ್ ಮೆಕಾರ್ಥರ್ ಇಂಚಾನ್‌ನಲ್ಲಿ ಸೇನೆಯನ್ನಿಳಿಸಿದ ಮೇಲೆ ಉತ್ತರದ ಪಡೆಗಳು ಚದುರಿಹೋದವು; ತಿಂಗಳು ಮುಗಿಯುವಷ್ಟರಲ್ಲಿ ಹಿಮ್ಮೆಟ್ಟಿಸುವ ಕಾರ್ಯ ಹೆಚ್ಚುಕಡಿಮೆ ಪೂರ್ಣವಾಯಿತು. ಇಲ್ಲಿಗೆ ನಿಲ್ಲಬೇಕೆ? ಅಕ್ಟೋಬರ್ 2ರ ನಡುರಾತ್ರಿ ಪೀಕಿಂಗ್‌ನಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಭಾರತದ ರಾಯಭಾರಿ ಕೆ. ಎಂ. ಪಣಿಕ್ಕರ್ ಅವರನ್ನು ಕರೆಸಿಕೊಂಡರು. ದಕ್ಷಿಣ ಕೊರಿಯಾದವರು ಗೆರೆ ದಾಟಿದರೆ ಅದು ಬೇರೆ ಮಾತು, ಅಮೆರಿಕನ್ನರು ದಾಟಿದರೆ ಚೀನಾ ಸುಮ್ಮನಿರದು ಎಂಬುದು ಅವರು ಹೇಳಿದ ಮಾತಿನ ಸಾರ. ದೆಹಲಿಯ ಮೂಲಕ ಅದು ಲಂಡನ್ನಿಗೂ ವಾಷಿಂಗ್ಟನ್ನಿಗೂ ತಲುಪಿತು. ಪಣಿಕ್ಕರ್ ಪೀಕಿಂಗ್‌ನ ಪಕ್ಷಪಾತಿ, ಇದು ಬೆದರಿಕೆಯ ತಂತ್ರ ಎಂದು ವಾಷಿಂಗ್ಟನ್ ಬದಿಗಿಟ್ಟಿತು. ವಿದ್ವಾಂಸರೂ ಇತಿಹಾಸಕಾರರೂ ಆದ ಪಣಿಕ್ಕರ್ ತಂದದ್ದು ತಮ್ಮ ಅಭಿಪ್ರಾಯವನ್ನಲ್ಲ, ಕೇಳಿದ ಮಾತನ್ನು ಎಂಬುದನ್ನು ಯಾರೂ ಲೆಕ್ಕಕ್ಕಿಡಲಿಲ್ಲ.

ಅಕ್ಟೋಬರ್ 7ರಂದು ಮಹಾಸಭೆ, ಕೊರಿಯಾದಾದ್ಯಂತ ಸ್ಥಿರ ಪರಿಸ್ಥಿತಿ ಏರ್ಪಡುವಂತೆ ಸೂಕ್ತ ಕ್ರಮಗಳನ್ನು ಕೈಗೊಳ್ಳಬೇಕೆಂಬ ನಿರ್ಣಯವನ್ನು 47 ಮತಗಳಿಂದ ಸ್ವೀಕರಿಸಿತು. ಜೂನ್ ನಿರ್ಣಯದ ‘ಮತ್ತು’ ತೆರೆದಿಟ್ಟಿದ್ದ ಬಾಗಿಲಿನಿಂದ ಈಗ ‘ಆದ್ಯಂತ’ ಎಂಬ ಪದ ಒಳಬಂದಿತು. ಗೆರೆ ದಾಟಿ ಎಂದು ಆ ನಿರ್ಣಯದಲ್ಲಿ ಎಲ್ಲೂ ಬರೆದಿಲ್ಲ. ದಾಟಬೇಡಿ ಎಂದೂ ಇಲ್ಲ. ಭಾರತ ತಟಸ್ಥವಾಯಿತು. ಎರಡು ದಿನಗಳ ನಂತರ ಅಮೆರಿಕನ್ ಪಡೆಗಳು ಗೆರೆಯನ್ನು ದಾಟಿದವು. ಅಕ್ಟೋಬರ್ 19ರಂದು ಚೀನಾದ ಪಡೆಗಳು ಯಾಲೂ ನದಿಯನ್ನು ದಾಟಿ ಕೊರಿಯಾವನ್ನು ಹೊಕ್ಕವು. ಯುದ್ಧ ಮತ್ತೆ ಮೊದಲಾಯಿತು, ಬೇರೆಯದೇ ಪ್ರಮಾಣದಲ್ಲಿ.

ಡಿಸೆಂಬರಿನಲ್ಲಿ ಕದನವಿರಾಮದ ಆಧಾರವನ್ನು ಹುಡುಕಲು ಮಹಾಸಭೆ ಮೂವರ ತಂಡವೊಂದನ್ನು ನೇಮಿಸಿತು. ಇರಾನಿನ ನಸ್ರೊಲ್ಲಾ ಎಂತೆಜಾಂ, ಕೆನಡಾದ ಲೆಸ್ಟರ್ ಪಿಯರ್ಸನ್, ಬೆನಗಲ್ ನರಸಿಂಗ ರಾವ್. ತಂಡ ಮುಂದಿಟ್ಟ ತತ್ತ್ವಗಳನ್ನು ಒಪ್ಪದೆ ಹೋದದ್ದು ಈ ಬಾರಿ ಪೀಕಿಂಗ್. ಮೊದಲು ಕದನ ನಿಲ್ಲಲಿ, ಆಮೇಲೆ ಮಾತುಕತೆ ಎಂಬ ಕ್ರಮ ಅದಕ್ಕೆ ಹಿಡಿಸಲಿಲ್ಲ. ಗೆಲ್ಲುತ್ತಿರುವವರಿಗೆ ವಿರಾಮ ರುಚಿಸುವುದಿಲ್ಲ ಎಂಬುದನ್ನು ಅಕ್ಟೋಬರಿನಲ್ಲಿ ಒಂದು ಪಕ್ಷ ತೋರಿಸಿತ್ತು, ಜನವರಿಯಲ್ಲಿ ಇನ್ನೊಂದು. 1951ರ ಫೆಬ್ರವರಿ 1ರಂದು ಚೀನಾವನ್ನು ಆಕ್ರಮಣಕಾರಿ ಎಂದು ಹೆಸರಿಸುವ ನಿರ್ಣಯ ಮಹಾಸಭೆಯ ಮುಂದೆ ಬಂದಾಗ ಸೋವಿಯತ್ ಬಣದ ಐವರ ಹೊರತು ವಿರೋಧಿಸಿದವರು ಇಬ್ಬರೇ, ಭಾರತ ಮತ್ತು ಬರ್ಮಾ. ಜೂನ್‌ನಲ್ಲಿ ಉತ್ತರ ಕೊರಿಯಾದ ದಾಳಿಯನ್ನು ಖಂಡಿಸಿದವರು ಈಗ ಏಕೆ ಹಿಂಜರಿದರು ಎಂಬ ಪ್ರಶ್ನೆ ಸಹಜ. ಸಂಧಾನದ ಇನ್ನೊಂದು ತುದಿಯಲ್ಲಿರುವವನಿಗೆ ಆ ಹೆಸರಿಟ್ಟ ಮೇಲೆ ಸಂಧಾನದ ಬಾಗಿಲೇ ಮುಚ್ಚುತ್ತದೆ ಎಂಬುದು ಭಾರತದ ಉತ್ತರ. 1951ರ ಜುಲೈಯಲ್ಲಿ ಮಾತುಕತೆ ಆರಂಭವಾದಾಗ ಅಮೆರಿಕದ ನೇತೃತ್ವದ ಸೇನಾಧಿಪತ್ಯ ಎದುರು ಕುಳಿತದ್ದು ಆ ಆಕ್ರಮಣಕಾರಿಯ ಪ್ರತಿನಿಧಿಗಳೊಂದಿಗೇ.

ಮಾತುಕತೆ ಎರಡು ವರ್ಷ ಎಳೆಯಿತು. ಮುಖ್ಯ ತೊಡಕು, ತಾಯ್ನಾಡಿಗೆ ಹಿಂದಿರುಗಲು ಒಲ್ಲದ ಯುದ್ಧಕೈದಿಗಳನ್ನು ಏನು ಮಾಡಬೇಕೆಂಬುದು. 1952ರ ಡಿಸೆಂಬರಿನಲ್ಲಿ ವಿ. ಕೆ. ಕೃಷ್ಣ ಮೆನನ್ ಮಂಡಿಸಿದ ಭಾರತದ ನಿರ್ಣಯ 54 ಮತಗಳಿಂದ ಸ್ವೀಕೃತವಾಯಿತು. ಮುಂದಿನ ವರ್ಷದ ಒಪ್ಪಂದಕ್ಕೆ ಅದೇ ಬುನಾದಿ. 1953ರ ಜುಲೈ 27ರ ಕದನವಿರಾಮದ ನಂತರ ರಚನೆಯಾದ ಐದು ರಾಷ್ಟ್ರಗಳ ಆಯೋಗದ ಅಧ್ಯಕ್ಷತೆ ವಹಿಸಿದವರು ಮಡಿಕೇರಿಯಲ್ಲಿ ಹುಟ್ಟಿದ ಲೆಫ್ಟಿನೆಂಟ್ ಜನರಲ್ ಕೆ. ಎಸ್. ತಿಮ್ಮಯ್ಯ. ಮೇಜರ್ ಜನರಲ್ ಎಸ್. ಪಿ. ಪಿ. ಥೋರಾಟ್ ಅವರ ಕೈಕೆಳಗೆ ಭಾರತೀಯ ಕಾವಲುಪಡೆ ಕೊರಿಯಾಕ್ಕೆ ಹೋಯಿತು. ಭಾರತೀಯ ಸೈನಿಕರು ತನ್ನ ನೆಲವನ್ನು ಮೆಟ್ಟಬಾರದೆಂದು ದಕ್ಷಿಣದ ಅಧ್ಯಕ್ಷ ಸಿಂಗ್ಮನ್ ರೀ ಹಟ ಹಿಡಿದ ಕಾರಣ, ಅವರನ್ನು ಇಂಚಾನ್ ಬಂದರಿನಿಂದ ಹೆಲಿಕಾಪ್ಟರುಗಳಲ್ಲಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು.

ತಟಸ್ಥ ಎಂಬ ಪದದ ಮೂಲಾರ್ಥ ದಡದಲ್ಲಿ ನಿಂತವನು. ಪನ್‌ಮುಂಜಾಮ್‌ನ ಶಿಬಿರಗಳಲ್ಲಿ ಭಾರತೀಯರು ನಿಂತದ್ದು ದಡದಲ್ಲಲ್ಲ, ಪ್ರವಾಹದ ನಡುವೆ. ಒಂದು ಬದಿಯಲ್ಲಿ ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು. ಇನ್ನೊಂದು ಬದಿಯಲ್ಲಿ 359 ಮಂದಿ. ಪ್ರತಿಯೊಬ್ಬನಿಗೂ ಅವನ ದೇಶದ ಪ್ರತಿನಿಧಿ ಮನವರಿಕೆ ಮಾಡಿಕೊಡಲು ಅವಕಾಶವಾಗಬೇಕೆಂಬುದು ಒಪ್ಪಂದ. ಕೈದಿಗಳ ನಾಯಕರು ಅದಕ್ಕೆ ಬಿಡಲೊಲ್ಲರು. ಬಲವಂತವಾಗಿ ಎಳೆತರಬೇಕೆಂದು ಪೋಲೆಂಡ್, ಚೆಕೊಸ್ಲೊವಾಕಿಯಗಳು. ಕೂಡದೆಂದು ಸ್ವೀಡನ್, ಸ್ವಿಟ್ಜರ್ಲೆಂಡ್‌ಗಳು. ಇಬ್ಬಿಬ್ಬರು ಎದುರುಬದುರಾದಾಗ ತೀರ್ಮಾನ ಅಧ್ಯಕ್ಷರ ಮತದ್ದು. ಗುಂಡು ಹಾರಿಸದೆ ಕೈದಿಗಳನ್ನು ಎಳೆತರಲಾಗದೆಂಬುದನ್ನು ಅರಿತ ತಿಮ್ಮಯ್ಯ ಬಲಪ್ರಯೋಗಕ್ಕೆ ಒಪ್ಪಲಿಲ್ಲ. ಎರಡೂ ಬಣಗಳು ಭಾರತವನ್ನು ಪಕ್ಷಪಾತಿಯೆಂದು ದೂರಿದವು.

ರಾವ್ ಅಷ್ಟರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ಹೇಗ್ ನಗರಕ್ಕೆ ಹೋಗಿದ್ದರು. ಶಿಬಿರಗಳಲ್ಲಿ ಮನವರಿಕೆಯ ಕಾರ್ಯ ಇನ್ನೂ ತೆವಳುತ್ತಿದ್ದಾಗಲೇ, 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ನಿಧನರಾದರು. ಜನವರಿಯಲ್ಲಿ ತಿಮ್ಮಯ್ಯ ಕೈದಿಗಳನ್ನು ಅವರವರನ್ನು ಹಿಡಿದಿದ್ದ ಪಕ್ಷಗಳಿಗೇ ಮರಳಿ ಒಪ್ಪಿಸಿದರು. ಉತ್ತರವೂ ಬೇಡ, ದಕ್ಷಿಣವೂ ಬೇಡ, ಪೀಕಿಂಗ್ ಬೇಡ, ಫಾರ್ಮೋಸಾ ಬೇಡ ಎಂದ ಎಂಬತ್ತಕ್ಕೂ ಹೆಚ್ಚು ಮಂದಿ ಉಳಿದರು. ಅವರನ್ನು ಹಡಗು ಹತ್ತಿಸಿಕೊಂಡು, 1954ರ ಫೆಬ್ರವರಿಯಲ್ಲಿ ಭಾರತೀಯ ಪಡೆ ಮದರಾಸಿನ ಬಂದರಿಗೆ ಹಿಂದಿರುಗಿತು.