ಜೋಶಿ, ಸುನಿಲ್

ಸುನಿಲ್ ಬಂಡಾಚಾರ್ಯ ಜೋಶಿ (ಜನನ: 6 ಜೂನ್ 1970) ಭಾರತ ಮತ್ತು ಕರ್ನಾಟಕ ತಂಡಗಳ ಮಾಜಿ ಎಡಗೈ ಸ್ಪಿನ್ ಬೌಲರ್, ಕ್ರಿಕೆಟ್ ತರಬೇತುದಾರ. ಜನ್ಮಸ್ಥಳ ಗದಗ, ಅದು 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿತ್ತು. ಬಾಲ್ಯದಲ್ಲಿ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ನಡೆಸಿದರು.

1995–96ರ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್ ಮತ್ತು 50ಕ್ಕೂ ಹೆಚ್ಚು ವಿಕೆಟ್ ಗಳಿಸಿದರು. ಆ ವರ್ಷ ಕರ್ನಾಟಕ ಪ್ರಶಸ್ತಿ ಗೆದ್ದಿತು. 1996ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಪ್ರವೇಶ. 15 ಟೆಸ್ಟ್‌ಗಳಲ್ಲಿ 41, 69 ಏಕದಿನ ಪಂದ್ಯಗಳಲ್ಲಿ 69 ವಿಕೆಟ್. ಪ್ರಥಮ ದರ್ಜೆಯಲ್ಲಿ 600ಕ್ಕೂ ಹೆಚ್ಚು ವಿಕೆಟ್ ಹಾಗೂ 5,000ಕ್ಕೂ ಹೆಚ್ಚು ರನ್.

1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ಗಳಲ್ಲಿ 6 ಮೇಡನ್ ಸಹಿತ 6 ರನ್ನಿಗೆ 5 ವಿಕೆಟ್ ಪಡೆದದ್ದು ಏಕದಿನ ಕ್ರಿಕೆಟ್‌ನ ಅತ್ಯಂತ ಮಿತವ್ಯಯದ ಬೌಲಿಂಗ್‌ಗಳಲ್ಲಿ ಒಂದು. 2000ದಲ್ಲಿ ಢಾಕಾದಲ್ಲಿ ನಡೆದ ಬಾಂಗ್ಲಾದೇಶದ ಚೊಚ್ಚಲ ಟೆಸ್ಟ್‌ನಲ್ಲಿ 92 ರನ್ ಮತ್ತು 8 ವಿಕೆಟ್ ಗಳಿಸಿ ಪಂದ್ಯಶ್ರೇಷ್ಠರಾದರು.

2012ರಲ್ಲಿ ನಿವೃತ್ತಿ. ಹೈದರಾಬಾದ್, ಜಮ್ಮು–ಕಾಶ್ಮೀರ, ಅಸ್ಸಾಂ ಹಾಗೂ ಉತ್ತರ ಪ್ರದೇಶ ತಂಡಗಳ ತರಬೇತುದಾರರಾಗಿದ್ದರು. ಒಮಾನ್ ಮತ್ತು ಬಾಂಗ್ಲಾದೇಶ ತಂಡಗಳ ಸ್ಪಿನ್ ತರಬೇತುದಾರರಾಗಿಯೂ ಇದ್ದರು. ಇವರ ತರಬೇತಿಯಲ್ಲಿ ಜಮ್ಮು–ಕಾಶ್ಮೀರ 2014ರ ಡಿಸೆಂಬರ್‌ನಲ್ಲಿ ವಾಂಖೆಡೆಯಲ್ಲಿ ಮುಂಬೈಯನ್ನು ಸೋಲಿಸಿತು. 2020ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಆ ವರ್ಷದ ಡಿಸೆಂಬರ್‌ವರೆಗೆ ಆ ಸ್ಥಾನದಲ್ಲಿದ್ದರು.