ಕನ್ನಡ ಲಿಪಿಯ ರೂಟ್ ಝೋನ್ ನಿಯಮಾವಳಿ: ಕರಡು, ಆಕ್ಷೇಪ, ಉತ್ತರ

ಅಂತರ್ಜಾಲ ವಿಳಾಸದಲ್ಲಿ ‘ಕಾಮ್’, ‘ಇನ್’ ಇರುವ ಕೊನೆಯ ಜಾಗಕ್ಕೆ ಕನ್ನಡ ಪದವೊಂದು ಬರಬೇಕಾದರೆ ಅದರಲ್ಲಿ ಯಾವ ಅಕ್ಷರಗಳಿರಬಹುದು, ಅವು ಯಾವ ಕ್ರಮದಲ್ಲಿ ಕೂಡಬಹುದು, ಬೇರೆ ಲಿಪಿಯ ಯಾವ ಅಕ್ಷರಗಳೊಂದಿಗೆ ಗೊಂದಲವಾದೀತು ಎಂಬುದನ್ನು ನಿಗದಿಪಡಿಸುವ ತಾಂತ್ರಿಕ ದಾಖಲೆ ಇದು. ಇದರ ಕರಡು 2018ರಲ್ಲಿ ಸಾರ್ವಜನಿಕ ಅಭಿಪ್ರಾಯಕ್ಕೆ ಬಂತು. ತಿದ್ದಿದ ಪಠ್ಯ 2019ರ ಮಾರ್ಚ್‌ನಲ್ಲಿ ಸಿದ್ಧವಾಗಿ, ಅದೇ ವರ್ಷದ ಜುಲೈನಲ್ಲಿ ಜಾಗತಿಕ ನಿಯಮಾವಳಿಯ 3ನೇ ಆವೃತ್ತಿಗೆ ಸೇರಿತು.

ಹಿನ್ನೆಲೆ

ಜಾಲ ಮಾನಕಗಳನ್ನು ಕರಡಾಗಿಯೇ ಹೊರಗಿಟ್ಟು ಅಭಿಪ್ರಾಯ ಕೇಳುವ ಪದ್ಧತಿ ಜಾಲದಷ್ಟೇ ಹಳೆಯದು. 1969ರ ಏಪ್ರಿಲ್ 7ರಂದು ಸ್ಟೀವ್ ಕ್ರಾಕರ್ ಬರೆದ ಮೊದಲ ಟಿಪ್ಪಣಿಯಿಂದ ಆರ್‌ಎಫ್‌ಸಿ (ರಿಕ್ವೆಸ್ಟ್ ಫಾರ್ ಕಾಮೆಂಟ್ಸ್) ಸರಣಿ ಶುರುವಾಯಿತು. ಆ ಹೆಸರಿನಲ್ಲಿಯೇ ಅಭಿಪ್ರಾಯ ಹೇಳಿ ಎಂಬ ಕೋರಿಕೆಯಿದೆ. ಜಾಲ ಮಾನಕಗಳನ್ನು ರೂಪಿಸುವ, 1986ರಿಂದ ಸಭೆ ಸೇರುತ್ತಿರುವ ಐಇಟಿಎಫ್ ಈ ಪದ್ಧತಿಯನ್ನು ಶಿಸ್ತಿಗೆ ತಂದಿತು. ಅಲ್ಲಿ ಕರಡೊಂದರ ಆಯುಸ್ಸು ಆರು ತಿಂಗಳು. ಪ್ರತಿ ತಿದ್ದುಪಡಿಗೂ ಹೊಸ ಕ್ರಮಸಂಖ್ಯೆ. ಬಂದ ಆಕ್ಷೇಪವನ್ನು ಒಪ್ಪಿದರೆ ಪಠ್ಯ ಬದಲಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು. ಕೈ ಎತ್ತಿ ಎಣಿಸುವುದಕ್ಕಿಂತ, ಆಕ್ಷೇಪಕ್ಕೆ ತಕ್ಕ ಉತ್ತರ ಸಿಕ್ಕಿದೆಯೇ ಎಂಬುದೇ ಅಲ್ಲಿ ಮುಖ್ಯ.

ಇಂಗ್ಲಿಷೇತರ ಲಿಪಿಗಳ ಡೊಮೈನ್ ಹೆಸರಿಗೆ ಬೇಕಾದ ಮಾನಕ 2003ರಲ್ಲಿ ಬಂದು, 2010ರಲ್ಲಿ ಪರಿಷ್ಕಾರಗೊಂಡಿತು. ಆದರೆ ವಿಳಾಸದ ಕೊನೆಯ ಹೆಸರುಗಳ ಪಟ್ಟಿಯಾದ ರೂಟ್ ಝೋನ್ ಇಡೀ ಜಗತ್ತಿಗೆ ಒಂದೇ ಆದ್ದರಿಂದ ಅದಕ್ಕೆ ಇನ್ನೂ ಬಿಗಿಯಾದ ನಿಯಮ ಬೇಕಿತ್ತು. 2013ರಲ್ಲಿ, ಡೊಮೈನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಎರಡು ಹಂತದ ವ್ಯವಸ್ಥೆ ಗೊತ್ತುಮಾಡಿತು. ಲಿಪಿ ಬಲ್ಲವರ ಸಮಿತಿ ಕರಡು ಬರೆಯುತ್ತದೆ, ತಜ್ಞರ ಏಕೀಕರಣ ಸಮಿತಿ ಅದನ್ನು ಪರಿಶೀಲಿಸುತ್ತದೆ. ಎರಡನೆಯ ಸಮಿತಿಗೆ ಕರಡನ್ನು ತಾನೇ ತಿದ್ದುವ ಅಧಿಕಾರವಿಲ್ಲ. ಇಡಿಯಾಗಿ ಒಪ್ಪಬೇಕು, ಇಲ್ಲವೇ ಇಡಿಯಾಗಿ ತಿರಸ್ಕರಿಸಬೇಕು. ಹೀಗಾಗಿ ಟಿಪ್ಪಣಿಗೆ ಉತ್ತರಿಸುವ, ಪಠ್ಯ ತಿದ್ದುವ ಹೊಣೆ ಪೂರ್ತಿಯಾಗಿ ಲಿಪಿ ಸಮಿತಿಯದು.

ಕನ್ನಡದ ಕರಡು

ಬ್ರಾಹ್ಮಿಯಿಂದ ಬಂದ ಭಾರತದ ಒಂಬತ್ತು ಲಿಪಿಗಳಿಗಾಗಿ 2015ರಲ್ಲಿ ನಿಯೊ-ಬ್ರಾಹ್ಮಿ ಸಮಿತಿ ಕೆಲಸ ಆರಂಭಿಸಿತು. ಕನ್ನಡದ ಕಡೆಯಿಂದ ಯು.ಬಿ. ಪವನಜ ಇದರಲ್ಲಿದ್ದರು. ತುಳು, ಕೊಡವ, ಕೊಂಕಣಿಗಳನ್ನೂ ಕನ್ನಡ ಲಿಪಿಯಲ್ಲಿ ಬರೆಯುವ ಕಾರಣ, ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಕನ್ನಡ ಭಾಷೆಯೊಂದನ್ನೇ ಅಲ್ಲ.

ಯಂತ್ರ ಪದವನ್ನು ಹೇಗೆ ನೋಡುತ್ತದೆ ಎಂಬುದಕ್ಕೆ ಗದಗ ಜಿಲ್ಲೆಯ ಹೆಸರುಗಳನ್ನೇ ತೆಗೆದುಕೊಳ್ಳಬಹುದು. ‘ಲಕ್ಷ್ಮೇಶ್ವರ’ ಓದುವವರಿಗೆ ನಾಲ್ಕು ಅಕ್ಷರ. ಯುನಿಕೋಡ್‌ನಲ್ಲಿ ಅದು ಲ, ಕ, ಹಲಂತ, ಷ, ಹಲಂತ, ಮ, ಏತ್ವ, ಶ, ಹಲಂತ, ವ, ರ ಎಂದು 11 ಸಂಕೇತಗಳ ಸಾಲು. ಹಲಂತ ಮತ್ತು ಸ್ವರಚಿಹ್ನೆ ವ್ಯಂಜನದ ಬೆನ್ನಿಗೇ ಬರಬೇಕು, ಅನುಸ್ವಾರ ಪದದ ಮೊದಲಿಗೆ ಬರಕೂಡದು ಎಂಬಂಥ ನಿಯಮಗಳು ಈ ಸಾಲನ್ನು ಕಾಯುತ್ತವೆ. ರೂಟ್ ಝೋನ್‌ನಲ್ಲಿ ಅಂಕಿಗೂ ಅಡ್ಡಗೆರೆಗೂ ಜಾಗವಿಲ್ಲ. ‘ಬೆಟಗೇರಿ’ಗೆ ಅಡ್ಡಿಯಿಲ್ಲ, ‘ಗದಗ-ಬೆಟಗೇರಿ’ ಮಾತ್ರ ನಡೆಯದು.

ಚರ್ಚೆಗೆ ಗ್ರಾಸವಾಗುವ ಅಂಶಗಳು

ಕನ್ನಡ ಬರೆಯುವವರಿಗೆ ಎದ್ದು ಕಾಣುವ ತೊಡಕು, ಕಣ್ಣಿಗೆ ಕಾಣದ ಒಂದು ಸಂಕೇತದ್ದು. ‘ಬಸ್‌ನಿಲ್ದಾಣ’ ಎಂದು ಬರೆಯುವಾಗ ‘ಸ್’ ಮತ್ತು ‘ನಿ’ ಕೂಡಿಕೊಳ್ಳದಂತೆ ತಡೆಯುವುದು ಆ ಸಂಕೇತ. ಅದು ಇಲ್ಲದಿದ್ದರೆ ಪದ ‘ಬಸ್ನಿಲ್ದಾಣ’ ಆಗುತ್ತದೆ. 2010ರ ಮಾನಕ ಇದಕ್ಕೆ ಷರತ್ತಿನ ಮೇಲೆ ಅವಕಾಶ ಕೊಟ್ಟಿದೆ, ರೂಟ್ ಝೋನ್ ಕೊಟ್ಟಿಲ್ಲ. ಕಾಣದ ಸಂಕೇತವೊಂದರ ವ್ಯತ್ಯಾಸದಲ್ಲಿ ಎರಡು ವಿಳಾಸ ಹುಟ್ಟಿದರೆ ವಂಚನೆಗೆ ದಾರಿಯಾಗುತ್ತದೆ ಎಂಬುದು ಕಾರಣ. ಬರವಣಿಗೆಯ ರೂಢಿ ಮತ್ತು ಬಳಕೆದಾರರ ಸುರಕ್ಷತೆ ಎದುರುಬದುರಾದಾಗ ಇಲ್ಲಿ ಸುರಕ್ಷತೆಗೇ ಮೊದಲ ಮಣೆ.

ಇನ್ನೊಂದು ತೊಡಕು ತೆಲುಗಿನ ನೆರೆಯದು. ಅ, ಆ, ಇ, ಒ, ಜ, ರ, ಲ ಮುಂತಾದವು ಎರಡೂ ಲಿಪಿಗಳಲ್ಲಿ ಬಹುಪಾಲು ಒಂದೇ ರೂಪದವು. ‘ಜಲ’ ಎಂಬ ಪದವನ್ನು ಯಾವ ಲಿಪಿಯಲ್ಲಿ ಬರೆದರೂ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಇಂಥ ಅಕ್ಷರಗಳನ್ನು ಜೋಡಿ ಎಂದು ಗುರುತಿಸಲಾಗಿದೆ. ಒಂದು ಲಿಪಿಯ ಹೆಸರು ಒಬ್ಬರಿಗೆ ಸಿಕ್ಕಿದ ಮೇಲೆ ಅದರ ಪಡಿಯಚ್ಚಾದ ಇನ್ನೊಂದು ಲಿಪಿಯ ಹೆಸರಿಗೆ ತಡೆ ಬೀಳುತ್ತದೆ. ಜೋಡಿ ಎರಡೂ ಕಡೆ ಒಂದೇ ರೀತಿ ದಾಖಲಾಗಬೇಕು ಎಂಬುದು ನಿಯಮ. ಆದ್ದರಿಂದ ಕನ್ನಡದ ಪಟ್ಟಿಯಲ್ಲಿ ಒಂದು ಅಕ್ಷರದ ಬಗ್ಗೆ ಬಂದ ಆಕ್ಷೇಪವನ್ನು ಒಪ್ಪಿದರೆ ತೆಲುಗಿನ ಪಟ್ಟಿಯನ್ನೂ ತಿದ್ದಬೇಕಾಗುತ್ತದೆ. ಎರಡೂ ಲಿಪಿಗಳು ಒಂದೇ ಸಮಿತಿಯ ಕೈಯಲ್ಲಿದ್ದದ್ದು ಈ ಹೊಂದಾಣಿಕೆಗೆ ಅನುಕೂಲವಾಯಿತು.

ತಡವಾದ ತಿದ್ದುಪಡಿಯ ಬೆಲೆ

ಕರಡಿನಲ್ಲೇ ತಪ್ಪು ಹಿಡಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಉದಾಹರಣೆಯಿದೆ. ಹಳಗನ್ನಡದ ರಳ, ಅಂದರೆ ‘ೞ’ ಅಕ್ಷರ, ಯುನಿಕೋಡ್‌ನಲ್ಲಿ ‘ಕನ್ನಡ ಲೆಟರ್ ಎಫ್‌ಎ’ ಎಂಬ ತಪ್ಪು ಹೆಸರಿನಿಂದ ಸೇರಿಹೋಯಿತು. ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸುವುದಿಲ್ಲ ಎಂಬುದು ಯುನಿಕೋಡ್ ನೀತಿ. ಹಳೆಯ ಹೆಸರಿನ ಮೇಲೆ ಎಷ್ಟೋ ತಂತ್ರಾಂಶಗಳು ನಿಂತಿರುವುದೇ ಇದಕ್ಕೆ ಕಾರಣ. ತಪ್ಪನ್ನು ಒಪ್ಪಿಕೊಂಡ ಮೇಲೂ ಸರಿಯಾದ ಹೆಸರನ್ನು ಪರ್ಯಾಯವಾಗಿ ಪಕ್ಕದಲ್ಲಿ ಇಡುವುದಷ್ಟೇ ಸಾಧ್ಯವಾಯಿತು; ಮೂಲ ಪಟ್ಟಿಯಲ್ಲಿ ತಪ್ಪು ಹೆಸರು ಈಗಲೂ ಇದೆ. ಮುದ್ರಣ ಕಾಶಿ ಎನಿಸಿಕೊಂಡ ಗದಗಿನ ಪ್ರೆಸ್‌ಗಳಲ್ಲಿ ಪ್ರೂಫ್ ನೋಡಿದವರಿಗೆ ಇದು ಹೊಸ ಮಾತಲ್ಲ. ಅಚ್ಚಾದ ಮೇಲೆ ಉಳಿಯುವುದು ಒಪ್ಪೋಲೆ ಮಾತ್ರ.

ರೂಟ್ ಝೋನ್ ನಿಯಮಾವಳಿಯೂ ಇದೇ ಎಚ್ಚರದಿಂದ ರೂಪುಗೊಂಡಿದೆ. ಸಂದೇಹವಿರುವ ಅಕ್ಷರವನ್ನು ಸದ್ಯಕ್ಕೆ ಹೊರಗಿಡುವುದು ಅದರ ಧೋರಣೆ. ಬಿಟ್ಟದ್ದನ್ನು ಮುಂದೆ ಸೇರಿಸಬಹುದು, ಸೇರಿಸಿದ್ದನ್ನು ಹಿಂತೆಗೆಯುವುದು ಕಷ್ಟ.

ಈಗಿನ ಸ್ಥಿತಿ

2022ರ ಮೇ ತಿಂಗಳಲ್ಲಿ ಬಂದ 5ನೇ ಆವೃತ್ತಿಯಲ್ಲಿ 26 ಲಿಪಿಗಳಿವೆ. ಕನ್ನಡ 3ನೇ ಆವೃತ್ತಿಯಿಂದಲೂ ಅದರಲ್ಲಿದೆ. ‘ಡಾಟ್ ಭಾರತ’ ಎಂಬ ಕನ್ನಡ ಲಿಪಿಯ ದೇಶಸೂಚಕ ಡೊಮೈನ್ ಬೇರೊಂದು ಪ್ರಕ್ರಿಯೆಯಿಂದ ಬಂದದ್ದು. ಅದರ ನಿರ್ವಹಣೆ ನಿಕ್ಸಿ ಸಂಸ್ಥೆಯದು. ಕನ್ನಡದಲ್ಲಿ ಹೊಸ ಉನ್ನತ ಹಂತದ ಹೆಸರು ಕೇಳಿ ಐಕ್ಯಾನ್‌ಗೆ ಅರ್ಜಿ ಹಾಕುವವರ ಪದವನ್ನು ಈ ನಿಯಮಾವಳಿಯ ಪ್ರಕಾರವೇ ಪರೀಕ್ಷಿಸಲಾಗುತ್ತದೆ.