ಮೀಯುವ ಗಂಟು

ಹೋದ ವರ್ಷ ದೀಪಾವಳಿಗೆ ಬೆಂಗಳೂರಿನಿಂದ ಬಂದ ನನ್ನ ತಮ್ಮನ ಮಗಳು ಒಂದು ಖಾಲಿ ಬಟ್ಟೆಚೀಲವನ್ನು ನನ್ನ ಮುಂದಿಟ್ಟು, "ಅತ್ತೆ, ಇದನ್ನು ತುಂಬಿಸಿಕೊಡು" ಎಂದಳು. ಗೆಳತಿಯರ ಜೊತೆ ಆರು ದಿನ ಘಟ್ಟದ ಕಾಡು ಸುತ್ತಲು ಹೊರಟಿದ್ದಳು. ಮೈ ತೊಳೆಯಲು, ತಲೆ ಮೀಯಲು, ಹಲ್ಲುಜ್ಜಲು ಬೇಕಾದದ್ದೆಲ್ಲ ಆ ಚೀಲದಲ್ಲಿರಬೇಕು. ಆದರೆ ಕಾಡಿನಲ್ಲಾಗಲಿ, ಮರಳಿ ಬಂದ ಮೇಲೆ ಮನೆಯ ಕಸದ ಬುಟ್ಟಿಯಲ್ಲಾಗಲಿ ಅದರಿಂದ ಏನೂ ಉಳಿಯಬಾರದು. ಅಂಥ ಸಾಮಾನು ಪೇಟೆಯಲ್ಲಿ ಸಿಗುತ್ತದಂತೆ, ಬೆಲೆ ಕೇಳಿಯೇ ಹಿಂದೆ ಬಂದಿದ್ದಳು. "ನಿಮ್ಮ ಕಾಲದಲ್ಲಿ ಎಲ್ಲ ಹೀಗೇ ಇತ್ತಲ್ಲ?" ಎಂದಳು. ಇತ್ತು. ಹೇಗಿತ್ತು ಎಂದು ಹೇಳಲು ಕೂತರೆ ಒಂದು ಸಂಜೆ ಸಾಲಲಿಲ್ಲ.

ನಾನು ಏಳೆಂಟು ವರ್ಷದವಳಿದ್ದಾಗ ಶಿವರಾತ್ರಿಗೆ ಗೋಕರ್ಣಕ್ಕೆ ಹೋಗಿದ್ದೆವು. ಅಜ್ಜಿ ಹಳೇ ಸೀರೆಯ ತುಂಡಿನಲ್ಲಿ ಒಂದು ಗಂಟು ಕಟ್ಟಿದ್ದಳು. ಅದಕ್ಕೆ ಮೀಯುವ ಗಂಟು ಎಂದೇ ಹೆಸರು. ಅದರೊಳಗೆ ಸೀಗೇಪುಡಿ, ಹೆಸರುಹಿಟ್ಟು, ನಾಲ್ಕು ಅಂಟುವಾಳದ ಕಾಯಿ, ಬೀಜ ತೆಗೆದು ಒಣಗಿಸಿದ ಹೀರೇಕಾಯಿಯ ನಾರು, ನಾಲಿಗೆ ಹೆರೆಯಲು ಸೀಳಿಟ್ಟ ತೆಂಗಿನಗರಿಯ ಕಡ್ಡಿ, ಹಲ್ಲಿಗೆ ಉಪ್ಪು ಬೆರೆಸಿದ ಇದ್ದಿಲ ಪುಡಿ. ಅಪ್ಪನಿಗಾಗಿ ಮಾತ್ರ ನಂಜನಗೂಡು ಹಲ್ಲುಪುಡಿಯ ಪೊಟ್ಟಣ, ಅಡಿಕೆ ಹಾಳೆಯ ಚೂರಿನಲ್ಲಿ ಸುತ್ತಿದ ಅರ್ಧ ಸೋಪು. ಇಡೀ ಸೋಪನ್ನು ಪ್ರಯಾಣಕ್ಕೆ ಒಯ್ಯುವುದು ದುಂದು ಎಂದು ಅಜ್ಜಿ ಅದನ್ನು ದಾರದಿಂದ ಕತ್ತರಿಸುತ್ತಿದ್ದಳು. ಹೋಗುವಾಗ ತುಂಬಿದ್ದ ಗಂಟು ಬರುವಾಗ ಬರೀ ಬಟ್ಟೆ. ಆ ಬಟ್ಟೆಯಲ್ಲೇ ದೇವಸ್ಥಾನದ ಪ್ರಸಾದ ಕಟ್ಟಿಕೊಂಡು ಬಂದೆವು.

ಇದನ್ನು ಕೇಳಿದ ಹುಡುಗಿಗೆ ಆನಂದವೋ ಆನಂದ. ನನಗೆ ಮಾತ್ರ ಅಷ್ಟು ಸುಲಭದಲ್ಲಿ ಆನಂದಪಡಲು ಆಗಲಿಲ್ಲ. ಅದಕ್ಕೆ ಕಾರಣ ನಮ್ಮ ಹಿತ್ತಿಲ ಹಳೇ ತಿಪ್ಪೆ.

2019ರ ಮಳೆಗಾಲಕ್ಕೆ ಮುಂಚೆ ಅಲ್ಲಿ ತೆಂಗಿನ ಸಸಿ ನೆಡಲು ಗುಂಡಿ ತೆಗೆಸಿದೆವು. ಎರಡಡಿ ಆಳದಲ್ಲಿ ಬೆರಳುದ್ದದ ಶಾಂಪೂ ಪೊಟ್ಟಣಗಳು ಹಾರೆಯ ತುದಿಗೆ ಸಿಕ್ಕಿ ಬಂದವು, ಒಂದಲ್ಲ ಎರಡಲ್ಲ, ಹಿಡಿಗಟ್ಟಲೆ. ಬಣ್ಣ ಮಾಸಿತ್ತು, ಅಂಚು ಮಾತ್ರ ಹಲ್ಲಿನಿಂದ ಹರಿದ ಹಾಗೆಯೇ ಇತ್ತು. ಹರಿದ ಹಲ್ಲು ನನ್ನದೇ. 1980ರ ದಶಕದ ಕೊನೆಗೆ ನಾನು ಹೊಸದಾಗಿ ಶಾಲೆಯ ಕೆಲಸಕ್ಕೆ ಸೇರಿದಾಗ, ಸಂತೆಯ ಅಂಗಡಿಯಲ್ಲಿ ಮಾಲೆಮಾಲೆಯಾಗಿ ನೇತುಬಿಟ್ಟಿದ್ದ ಆ ಪೊಟ್ಟಣಗಳನ್ನು ಈ ಮನೆಗೆ ಮೊದಲು ತಂದವಳು ನಾನು. ಅಜ್ಜಿ ಎಪ್ಪತ್ತು ವರ್ಷ ತಲೆಗೆ ಮಿಂದದ್ದರ ಗುರುತು ಆ ಗುಂಡಿಯಲ್ಲಿ ಒಂದು ಚೂರೂ ಇರಲಿಲ್ಲ.

ಪೊಟ್ಟಣದ ಕತೆ ದೂರದ್ದಲ್ಲ. ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಎಂಬವರು 1970ರ ದಶಕದಲ್ಲಿ ಶಾಂಪೂವನ್ನು ಪೊಟ್ಟಣದಲ್ಲಿ ತುಂಬಿ ಮಾರಿದರು. ಬಾಟಲಿ ಕೊಳ್ಳಲಾಗದವರೂ ಒಂದು ದಿನದ ಶಾಂಪೂ ಕೊಳ್ಳಬಹುದು ಎಂಬುದು ಅವರ ಲೆಕ್ಕ. 1983ರಲ್ಲಿ ಅವರ ಮಗ ರಂಗನಾಥನ್ 'ಚಿಕ್' ಶಾಂಪೂ ಆರಂಭಿಸಿದರು. ಯಾವುದೇ ಶಾಂಪೂವಿನ ಐದು ಖಾಲಿ ಪೊಟ್ಟಣ ತಂದುಕೊಟ್ಟರೆ ಒಂದು ಚಿಕ್ ಪುಕ್ಕಟೆ ಎಂಬ ಯೋಜನೆಯನ್ನೂ ತಂದರು. ವ್ಯಾಪಾರ ಕುದುರಿಸಲು ಹೂಡಿದ ಉಪಾಯವೇ ಇರಬಹುದು, ಆದರೆ ಖಾಲಿ ಪೊಟ್ಟಣಕ್ಕೂ ಒಂದು ಬೆಲೆಯಿದ್ದ ಕಾಲ ಅದು. ಮತ್ತೆ ಅದಕ್ಕೆ ಬೆಲೆ ಬಂದದ್ದನ್ನು ನಾನು ನೋಡಲಿಲ್ಲ. ಪದರದ ಮೇಲೆ ಪದರ ಅಂಟಿಸಿ ಮಾಡಿದ್ದರಿಂದ ಅದನ್ನು ಬಿಡಿಸಿ ಕರಗಿಸಿದರೆ ಗಿಟ್ಟುವುದಿಲ್ಲ. ಗುಜರಿಯವನು ಮೂಸಿಯೂ ನೋಡುವುದಿಲ್ಲ. ನಮ್ಮ ಚಿಕ್ಕಂದಿನ ತಗಡಿನ ಪೇಸ್ಟ್ ಟ್ಯೂಬನ್ನಾದರೂ ಅವನು ತೂಕಕ್ಕೆ ಹಾಕಿಕೊಳ್ಳುತ್ತಿದ್ದ. (ಆ ಟ್ಯೂಬಿನ ಮೂಲಪುರುಷ ಒಬ್ಬ ಚಿತ್ರಗಾರ. ಬಣ್ಣ ಒಣಗಬಾರದೆಂದು ಅಮೆರಿಕದ ಜಾನ್ ರ‍್ಯಾಂಡ್ 1841ರಲ್ಲಿ ಅದನ್ನು ಕಂಡುಹಿಡಿದ. ಹಲ್ಲಿನ ಪೇಸ್ಟು ಅದರೊಳಗೆ ಹೊಕ್ಕಿದ್ದು ಆಮೇಲೆ.) 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ಸಾಮಾನುಗಳನ್ನು ನಿಷೇಧಿಸಿದಾಗ ಕಿವಿಗೆ ಹಾಕುವ ಪ್ಲಾಸ್ಟಿಕ್ ಕಡ್ಡಿ ಪಟ್ಟಿಯಲ್ಲಿತ್ತು, ಶಾಂಪೂ ಪೊಟ್ಟಣ ಇರಲಿಲ್ಲ.

ಶಾಂಪೂ ಎಂಬ ಮಾತೂ ನಮ್ಮಲ್ಲಿಂದಲೇ ಹೋದದ್ದು. ಒತ್ತು, ತಿಕ್ಕು ಎಂಬ ಅರ್ಥದ ಹಿಂದಿಯ 'ಚಾಂಪೋ' ಅದರ ಮೂಲ. ಪಟ್ನಾದ ಶೇಕ್ ದೀನ್ ಮಹಮ್ಮದ್ 19ನೆಯ ಶತಮಾನದ ಮೊದಲಲ್ಲಿ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಸ್ನಾನಗೃಹ ತೆರೆದು ದೊರೆಗಳ ಮೈ ತಿಕ್ಕಿಸಿದ. ಅಲ್ಲಿ ಮೈ ತಿಕ್ಕುವ ಕೆಲಸದ ಹೆಸರಾಗಿದ್ದದ್ದು ಇಲ್ಲಿಗೆ ತಲೆಯ ನೊರೆಯಾಗಿ ಮರಳಿತು.

ಸೋಪಿನ ವಿಷಯಕ್ಕೆ ಬಂದರೆ ಅಜ್ಜಿ ದಾರದಿಂದ ಕತ್ತರಿಸುತ್ತಿದ್ದದ್ದು ಮೈಸೂರು ಸ್ಯಾಂಡಲ್. ಮೊದಲ ಮಹಾಯುದ್ಧದಿಂದ ಯುರೋಪಿಗೆ ಹೋಗುತ್ತಿದ್ದ ಗಂಧದ ಮರ ಇಲ್ಲಿಯೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ರಾಜರು, ವಿಶ್ವೇಶ್ವರಯ್ಯನವರು ದಿವಾನರು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ, 1918ರಲ್ಲಿ ಬೆಂಗಳೂರಿನಲ್ಲಿ ಸೋಪು. ಇಂಗ್ಲೆಂಡಿಗೆ ಹೋಗಿ ಅದರ ವಿದ್ಯೆ ಕಲಿತು ಬಂದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಹಲ್ಲುಪುಡಿಯ ನಂಜನಗೂಡಿನ ಸದ್ವೈದ್ಯಶಾಲೆ ಅದಕ್ಕೂ ಸ್ವಲ್ಪ ಮುಂಚಿನದು, 1913ರದ್ದು. ಈ ಸೋಪಿನ ಕಾಗದದ ಡಬ್ಬ ನಮ್ಮಲ್ಲಿ ಕಸವಾದದ್ದೇ ಇಲ್ಲ. ಸೀರೆಯ ಟ್ರಂಕಿಗೆ ಹೋಗಿ ವರ್ಷಗಟ್ಟಲೆ ಘಮಘಮಿಸುತ್ತಿತ್ತು.

ಹಾಗಾದರೆ ನಾನು ಆ ಪೊಟ್ಟಣಗಳನ್ನು ಯಾಕೆ ತಂದೆ? ತಮ್ಮನ ಮಗಳೂ ಇದನ್ನೇ ಕೇಳಿದಳು.

ಸೀಗೇಕಾಯಿ ತಾನಾಗಿ ಪುಡಿಯಾಗುವುದಿಲ್ಲ. ಕಾಡಿನ ಮುಳ್ಳುಬಳ್ಳಿಯಿಂದ ಕೊಯ್ದು ತರಬೇಕು, ಒಣಗಿಸಬೇಕು, ಒರಳಿನಲ್ಲಿ ಕುಟ್ಟಬೇಕು, ಜರಡಿ ಹಿಡಿಯಬೇಕು. ಕುಟ್ಟುವಾಗ ಸೀನಿ ಸೀನಿ ಅಮ್ಮನ ಕಣ್ಣು ಕೆಂಡವಾಗುತ್ತಿತ್ತು. ಹದಿಮೂರು ಜನರ ಮನೆ. ದಾಸವಾಳದ ಸೊಪ್ಪಿನ ಗೊಂಪು ಹಿಂಡುವವಳೂ ಅವಳೇ, ಬಚ್ಚಲೊಲೆಗೆ ಸೌದೆ ಒಟ್ಟುವವಳೂ ಅವಳೇ. ಮೊದಲ ಪೊಟ್ಟಣದಲ್ಲಿ ತಲೆ ಮಿಂದು ಬಂದ ದಿನ ಅವಳು ಕೂದಲು ಬಿಟ್ಟುಕೊಂಡು ಜಗಲಿಯಲ್ಲಿ ಸುಮ್ಮನೆ ಕೂತಿದ್ದಳು. ಬೆಳಗಿನ ಹೊತ್ತು ಕೆಲಸವಿಲ್ಲದೆ ಕೂತ ಅಮ್ಮನನ್ನು ನಾನು ನೋಡಿದ್ದು ಅದೇ ಮೊದಲು.

ಮುಟ್ಟಿನ ಬಟ್ಟೆಯ ಕತೆಯೂ ಹೀಗೆಯೇ. ಗೋಕರ್ಣಕ್ಕೆ ಹೋದಾಗ ಅಮ್ಮನ ಬಳಿ ಇನ್ನೊಂದು ಪುಟ್ಟ ಗಂಟಿತ್ತು, ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಮನೆಯಲ್ಲಿ ಆ ಬಟ್ಟೆ ಒಗೆದರೆ ಒಣಗುತ್ತಿದ್ದದ್ದು ಕೊಟ್ಟಿಗೆಯ ಕತ್ತಲಲ್ಲಿ, ಇನ್ನೊಂದು ಬಟ್ಟೆಯ ಅಡಿಯಲ್ಲಿ. ಬಿಸಿಲು ಕಾಣದ ಬಟ್ಟೆಯಿಂದ ತೊಡೆಯೆಲ್ಲ ತುರಿ. ಅದರಿಂದ ಕಸವಾಗುತ್ತಿರಲಿಲ್ಲ ಎಂದು ಹೊಗಳಲು ನನಗೆ ಬಾಯಿ ಬರುವುದಿಲ್ಲ.

ಕೊನೆಗೂ ಚೀಲ ತುಂಬಿಸಿದೆವು. ಇದ್ದಿಲು ಬೇಡ ಎಂದೆ. ಅಜ್ಜಿಯ ಹಲ್ಲು ಸವೆದು ಮೊಂಡಾದದ್ದನ್ನು ಕಂಡವಳು ನಾನು. ಬಿದಿರಿನ ಹಿಡಿಯ ಬ್ರಷ್ಷನ್ನು ಅವಳೇ ತಂದಿದ್ದಳು. ಅದರ ಎಳೆ ನೈಲಾನಿನದೇ, ಬಿಸಾಡುವಾಗ ಕಿತ್ತು ಬೇರೆ ಮಾಡಬೇಕು. ಹಲ್ಲುಪುಡಿಗೆ ಹಳೇ ಸ್ಟೀಲು ಭರಣಿ. ಸೋಪಿಗೆ ಅಜ್ಜಿಯ ದಾರ. ಒದ್ದೆ ಸೋಪು ಲೋಳೆಯಾಗದಂತೆ ಹೀರೇನಾರಿನ ಮೇಲಿಟ್ಟು ಒಣಗಿಸಿಯೇ ಕಟ್ಟಬೇಕೆಂದು ತೋರಿಸಿದೆ. ಸೀಗೇಪುಡಿಯನ್ನು ಅವಳೇ ಮಿಕ್ಸಿಯಲ್ಲಿ ಮಾಡಿಕೊಂಡಳು, ಸೀನುತ್ತ. "ಸೀಗೆ ಅಂತ ಹೊಳೆಯೊಳಗೇ ಇಳಿದು ತಲೆ ಮೀಯಬೇಡ ಕೂಸೆ, ನೀರು ಎತ್ತಿಕೊಂಡು ದೂರದ ಮಣ್ಣಿಗೆ ಹೋಗು" ಎಂದೆ. ಸೀಗೆ, ಅಂಟುವಾಳಗಳ ನೊರೆ ಮೀನಿಗೆ ವಿಷ. ಅಂಟುವಾಳವನ್ನು ಅರೆದು ಮಡುವಿಗೆ ಹಾಕಿ ಮೀನು ಹಿಡಿಯುವವರು ನಮ್ಮ ಹಿಂದಿನವರಲ್ಲಿ ಇದ್ದರು. ಅವಳಿಗೆ ಇದು ಹೊಸ ಸುದ್ದಿ.

ಮುಟ್ಟಿನ ಬಟ್ಟಲನ್ನೂ ಹೊಲಿದ ಬಟ್ಟೆಯನ್ನೂ ಅವಳು ಯಾವ ಮುಚ್ಚುಮರೆಯಿಲ್ಲದೆ ನನ್ನೆದುರೇ ಚೀಲಕ್ಕೆ ಹಾಕಿದಳು. ಕೇರಳದ ಕುಂಬಳಂಗಿ ಎಂಬ ಊರಲ್ಲಿ 2022ರಲ್ಲಿ ಹೆಂಗಸರಿಗೆ ಇಂಥ ಬಟ್ಟಲು ಹಂಚಿದ್ದರೆಂದು ಓದಿದ್ದೆ. ಬಳಸುವ ಕ್ರಮವನ್ನು ಈ ವಯಸ್ಸಿನಲ್ಲಿ ಅವಳಿಂದ ಕೇಳಿ ತಿಳಿದೆ.

ಏಳನೆಯ ದಿನ ಬಿಸಿಲಲ್ಲಿ ಕಪ್ಪಾಗಿ ಬಂದಳು. ಚೀಲವನ್ನು ತಿರುವಿ ಹಾಕಿ ಒಗೆದಳು, ಜೊತೆಗೆ ಆ ಬಟ್ಟೆಗಳನ್ನೂ. ಎಲ್ಲವನ್ನೂ ಅಂಗಳದ ತಂತಿಯ ಮೇಲೆ ನಟ್ಟನಡುವಿನ ಬಿಸಿಲಿಗೆ ಹರವಿದಳು. ತಮ್ಮ ತೋಟದಿಂದ ಬಂದವನು ಒಂದು ಗಳಿಗೆ ನಿಂತು ನೋಡಿದ. ಏನೂ ಹೇಳಲಿಲ್ಲ. ತಂತಿಯ ಮೇಲಿದ್ದ ತನ್ನ ಪಂಚೆಯನ್ನು ಮಡಚಿ ತುಸು ಆಚೆ ಸರಿಸಿ, ಕಾಲು ತೊಳೆಯಲು ಹೋದ.